ಏಳು ಮಂತ್ರಿಗಳ ಒಂದೇ ಮಾತು

ಅಳಿವೆಕೋಟೆಯ ಅರಸ ಜಟ್ಟಿನಾಯಕನಿಗೆ ಮಧ್ಯಾಹ್ನ ಉಂಡ ಮೇಲೆ ಒಂದು ಗಳಿಗೆ ಮಲಗುವ ರೂಢಿ. ಅವನು ಮಾಡುತ್ತಿದ್ದ ಕೆಲಸಗಳಲ್ಲಿ ಪ್ರಜೆಗಳಿಗೆ ಏನೂ ತೊಂದರೆಯಾಗದ್ದು ಅದೊಂದೇ.

ಶನಿವಾರ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಅರಮನೆಯ ಹಿತ್ತಿಲ ಗೋಡೆಗೆ ಅಂಟಿಕೊಂಡೇ ಯೆಹೂದ್ಯರ ಸಭಾಮಂದಿರವಿತ್ತು. ಬೆಳಗಿನ ಪ್ರಾರ್ಥನೆ ಮುಗಿಸಿ, ಊಟ ಮಾಡಿ ಬಂದು, ಅವರು ಇಬ್ಬಿಬ್ಬರಾಗಿ ಧರ್ಮಗ್ರಂಥ ಬಿಚ್ಚಿ ಕೂರುತ್ತಿದ್ದರು. ಒಬ್ಬ ಅರ್ಥ ಹೇಳಬೇಕು, ಇನ್ನೊಬ್ಬ ಅದನ್ನು ಮುರಿಯಬೇಕು. ಅವರ ಓದು ಅಂದರೆ ಅದೇ.

ಒಂದು ಸೋಮವಾರ ಅರಸ ಹಸ್ಕೇಲನನ್ನು ಕರೆಸಿದ. ಹಸ್ಕೇಲ ಆಸ್ಥಾನದ ದುಭಾಷಿ. ಶನಿವಾರ ಆ ಮಂದಿರದಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲೂ ಅವನದೇ.

“ಏನಯ್ಯಾ, ಮೊನ್ನೆ ಅಷ್ಟೊಂದು ಗಲಾಟೆ?”

“ಇಬ್ಬರು ಒಂದೇ ಬಟ್ಟೆ ಹಿಡಿದುಕೊಂಡಿದ್ದಾರೆ, ಮಹಾಸ್ವಾಮಿ. ಇಬ್ಬರೂ ನನ್ನದು ಅಂತಾರೆ. ಯಾರದು ಅಂತ ಚರ್ಚೆ.”

“ಎಲ್ಲಿದ್ದಾರೆ ಆ ಇಬ್ಬರು?”

“ಪುಸ್ತಕದಲ್ಲಿ.”

“ಎಷ್ಟು ದಿನದಿಂದ?”

“ಸಾವಿರ ವರ್ಷ ದಾಟಿತು.”

“ಅಷ್ಟರಲ್ಲಿ ಬಟ್ಟೆಯನ್ನೇ ಗೆದ್ದಲು ತಿಂದಿರುತ್ತೆ!” ಅರಸ ಗುಡುಗಿದ. “ನನ್ನ ಮಂತ್ರಿಗಳನ್ನು ನೋಡಿ ಕಲಿಯಿರಿ. ಏಳು ತಲೆ, ಒಂದೇ ಮಾತು! ನಿಮ್ಮ ಮಂದಿರಕ್ಕೆ ಬೀಗ ಹಾಕಿಸುತ್ತೇನೆ. ಆದರೆ ನಾನು ಅನ್ಯಾಯ ಮಾಡುವವನಲ್ಲ, ವಿಚಾರಣೆ ನಡೆಸಿಯೇ ಹಾಕಿಸುತ್ತೇನೆ.”

ಹತ್ತು ಜನ ಕೂಡಿ ಪ್ರಾರ್ಥಿಸಲು ಯೆಹೂದ್ಯರಿಗೆ ಊರಲ್ಲಿ ಬೇರೆ ಸೂರಿರಲಿಲ್ಲ.

ಎಲೆಯಡಿಕೆ ಜಗಿದು ಮುಗಿಯುವಷ್ಟರಲ್ಲಿ ವಿಚಾರಣೆ ಮುಗಿಯಿತು. ಏಳೂ ಮಂತ್ರಿಗಳು “ಬೀಗ” ಎಂದರು.

“ನೋಡಿದೆಯಾ? ಒಂದು ಅಪಸ್ವರವಿಲ್ಲ!” ಎಂದ ಅರಸ.

“ಹಾಗಾದರೆ ನಾವು ಗೆದ್ದೆವು, ಮಹಾಸ್ವಾಮಿ,” ಎಂದು ಹಸ್ಕೇಲ ಕೈಮುಗಿದ. “ನಾವು ಓದುವ ಗ್ರಂಥದಲ್ಲಿ ಒಂದು ಕಟ್ಟಳೆಯಿದೆ. ಮರಣದಂಡನೆಯ ವಿಚಾರಣೆಯಲ್ಲಿ ನ್ಯಾಯಾಧೀಶರೆಲ್ಲ ಒಂದೇ ಬಾಯಲ್ಲಿ ತಪ್ಪಿತಸ್ಥ ಅಂದರೆ, ಆರೋಪಿಯನ್ನು ಬಿಟ್ಟುಬಿಡಬೇಕು. ಮಂದಿರಕ್ಕೆ ಬೀಗ ಅಂದರೆ ನಮಗೆ ಅಂಥದ್ದೇ ದಂಡನೆ.”

“ಇದೆಂಥ ತಲೆಕೆಟ್ಟ ಕಟ್ಟಳೆ!”

“ಅವನ ಪರವಾಗಿ ಒಬ್ಬನಿಗೂ ಒಂದು ಮಾತು ಹೊಳೆಯಲಿಲ್ಲ ಅಂದರೆ, ಯಾರೂ ಯೋಚಿಸಿಲ್ಲ ಅಂತ ಅರ್ಥ. ಇಲ್ಲವೇ ಯಾರಿಗೋ ಹೆದರಿದ್ದಾರೆ.”

“ಹೆದರುವುದೇ? ನನ್ನ ಮಂತ್ರಿಗಳು ನನಗೆ ಹೆದರುತ್ತಾರೆಯೇ?”

“ಇಲ್ಲ, ಪ್ರಭು!” ಏಳು ಕಂಠ ಒಟ್ಟಿಗೆ ನಡುಗಿದವು.

“ಕೇಳಿದೆಯಾ? ಈಗಲೇ ತೋರಿಸುತ್ತೇನೆ. ಯಾರಾದರೂ ಒಬ್ಬರು ಇವರ ಪರ ಮಾತಾಡಿ!”

ಏಳೂ ಮಂತ್ರಿಗಳು ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದರು.

“ಮಾತಾಡಿ ಅಂದೆ! ಇದು ಅಪ್ಪಣೆ!”

ಪ್ರಧಾನಿ ಸೂರಪ್ಪಯ್ಯ ಮೆಲ್ಲಗೆ ಎದ್ದ. “ಅಪ್ಪಣೆಯಾದ್ದರಿಂದ ನಿರ್ಭಯವಾಗಿ ಹೇಳುತ್ತೇನೆ, ಪ್ರಭು. ಅವರು ಮಧ್ಯಾಹ್ನವೆಲ್ಲ ಕಿತ್ತಾಡುತ್ತಾರೆ, ನಿಜ. ಹೊತ್ತು ಮುಳುಗಿದ ಮೇಲೆ ಕಿತ್ತಾಡಿದ ಇಬ್ಬರೇ ಒಂದೇ ತಟ್ಟೆಯಲ್ಲಿ ಖರ್ಜೂರ ತಿನ್ನುತ್ತಾರೆ. ಇಲ್ಲಿ ನಾನೂ ಕೋಶಾಧಿಕಾರಿಯೂ ಎಂದೂ ಜಗಳವಾಡಿಲ್ಲ. ಆರು ವರ್ಷದಿಂದ ಮಾತೇ ಬಿಟ್ಟಿದ್ದೇವೆ.”

ಅರಸನಿಗೆ ನಗು ಬಂತು. ತಲೆ ಒಂದಿಷ್ಟು ಆಡಿತು. ಉಳಿದ ಆರು ಮಂತ್ರಿಗಳು ಆ ತಲೆಯನ್ನೇ ನೋಡುತ್ತಿದ್ದರು.

“ಬೀಗ ಬೇಡ!” ಎಂದರು ಆರೂ ಜನ. ಎಲ್ಲರಿಗಿಂತ ಜೋರಾಗಿ ಕೂಗಿದವನು ಕೋಶಾಧಿಕಾರಿ.

ಅರಸ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿದ. ಪಟ್ಟವೇರಿದ ಹನ್ನೆರಡು ವರ್ಷದಲ್ಲಿ ಮೊದಲ ಸಲ.

“ಹಸ್ಕೇಲ, ಈಗಲೂ ಎಲ್ಲರದೂ ಒಂದೇ ಮಾತಾಯಿತಲ್ಲ. ನಿನ್ನ ಕಟ್ಟಳೆ ಈಗೇನು ಹೇಳುತ್ತೆ?”

“ಅದು ಶಿಕ್ಷೆ ಕೊಡುವಾಗ ಮಾತ್ರ, ಮಹಾಸ್ವಾಮಿ. ಬಿಟ್ಟುಬಿಡುವುದಕ್ಕೆ ಯಾರ ಆಕ್ಷೇಪಣೆಯೂ ಬೇಕಿಲ್ಲ.”

ಅರಸ ಗಹಗಹಿಸಿ ನಕ್ಕ. “ಮಂದಿರ ತೆರೆದೇ ಇರಲಿ. ಶನಿವಾರ ನನ್ನ ಹಾಸಿಗೆಯನ್ನು ಮುಂಬಾಗಿಲ ಕೋಣೆಗೆ ಹಾಕಿ. ನೀನು ನಾಳೆಯಿಂದ ಎಂಟನೆಯ ಮಂತ್ರಿ. ನಿನಗೆ ಒಂದೇ ಕೆಲಸ. ನಾನು ಏನೇ ಹೇಳಲಿ, ನೀನು ಒಪ್ಪಬಾರದು. ಒಪ್ಪಿಗೆಯೇ?”

“ಇಲ್ಲ, ಮಹಾಸ್ವಾಮಿ,” ಎಂದ ಹಸ್ಕೇಲ, ಆಗಲೇ ಕೆಲಸಕ್ಕೆ ಹಾಜರಾಗಿ.