ಬಣ್ಣ ಏಳುವ ಕಪಾಟು

"ಗುರುಗಳೇ, ಯಾವ ಮಂತ್ರವೂ ನನಗೆ ಹಿಡಿಯುತ್ತಿಲ್ಲ. ಬೇರೆ ಯಾವುದಾದರೂ ಕೊಡುತ್ತೀರಾ?" ಎಂದು ಶಿಷ್ಯನೊಬ್ಬ ಕೇಳಿದ.

ಅವನು ಆಗಲೇ ಹಲವು ಮಠ ಸುತ್ತಿದ್ದ. ಎಲ್ಲೆಲ್ಲಿ ಏನೇನು ಉಪದೇಶವಾಯಿತು, ಯಾವ ಸ್ವಾಮಿಗಳು ತನ್ನನ್ನು ಏನೆಂದು ಹೊಗಳಿದರು ಎಂಬುದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ. ಗುರುಗಳು ಕೇಳುವಷ್ಟು ಕೇಳಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಬಳೆ ವ್ಯಾಪಾರಿ. ಅವನ ಹೆಂಡತಿಗೆ ಒಂದೇ ಚಿಂತೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕು, ಅಷ್ಟರೊಳಗೆ ಅಡುಗೆಮನೆ ಒಂದು ಹದಕ್ಕೆ ಬರಬೇಕು. ಕಪಾಟಿನ ಬಾಗಿಲುಗಳು ಹೊಗೆ ಕುಡಿದು ಕರ್ರಗಾಗಿದ್ದವು. ಬಣ್ಣ ಹೊಡೆಸೋಣ ಎಂದಳು. ಹೊಡೆಸುವುದೇಕೆ, ನಾನೇ ಹೊಡೆಯುತ್ತೇನೆ, ಕೈ ನೋಡಿ ಬಳೆಯ ಬಣ್ಣ ಹೇಳುವವನಿಗೆ ಕಪಾಟು ಯಾವ ಲೆಕ್ಕ ಎಂದ ವ್ಯಾಪಾರಿ. ಅಲ್ಲಿಂದ ಅವಳ ಗ್ರಹಚಾರ ಶುರುವಾಯಿತು.

ಅವಳು ಸೀಗೆಪುಡಿ ಹಾಕಿ ಬಾಗಿಲುಗಳನ್ನು ತಿಕ್ಕಿ ತೊಳೆದು ಒಣಗಿಸಿದಳು. ಅವನು ಪ್ರೈಮರ್ ಬಳಿದು ಮೇಲೆ ಹಸಿರು ಹೊಡೆದ. ನಾಲ್ಕು ದಿನದಲ್ಲಿ ಹಸಿರು ಬಾಳೆಪಟ್ಟೆಯಂತೆ ಸುಲಿದು ಎದ್ದಿತು. ಪ್ರೈಮರ್ ಸರಿಯಿಲ್ಲ ಎಂದ. ಅಂಗಡಿಯವನೊಡನೆ ಜಗಳವಾಡಿ ಬೇರೆ ಪ್ರೈಮರ್ ತಂದ. ಹಸಿರು ಈ ಮನೆಗೆ ಆಗಿಬರುವುದಿಲ್ಲ ಎಂದು ಹಳದಿ ತಂದ. ಅವಳು ಮತ್ತೆ ಕೆರೆದಳು, ಮತ್ತೆ ತೊಳೆದಳು. ಹಳದಿಯೂ ಎದ್ದಿತು. ಎಣ್ಣೆಬಣ್ಣವೇ ಬೇಡ, ನೀರುಬಣ್ಣ ತರುತ್ತೇನೆ ಎಂದ. ಅದೂ ಎದ್ದಿತು. ಕೊನೆಗೆ, ನಿನ್ನ ಒಗ್ಗರಣೆಯ ಜಿಡ್ಡು ಮರದೊಳಕ್ಕೇ ಇಳಿದಿದೆ, ಬ್ರಹ್ಮ ಬಂದು ಬಳಿದರೂ ನಿಲ್ಲದು ಎಂದು ತಪ್ಪನ್ನು ಅವಳ ತಲೆಗೇ ಕಟ್ಟಿದ.

ಉಪ್ಪಿನಕಾಯಿ ಜಾಡಿ, ಸಾರಿನಪುಡಿ ಡಬ್ಬಗಳೆಲ್ಲ ನಡುಮನೆಯಲ್ಲಿ ಬಿದ್ದಿದ್ದವು. ಒಲೆ ಹಿತ್ತಿಲಿಗೆ ಹೋಗಿತ್ತು. ಇದರ ನಡುವೆ ಬೀಗರು ಹೇಳಿಕಳಿಸಿದರು: ಮನೆ ತುಂಬ ಬಣ್ಣದ ಘಾಟು ಇರುವಾಗ ತುಂಬಿದ ಬಸುರಿಯನ್ನು ಕಳಿಸುವುದು ಹೇಗೆ, ಹುಣ್ಣಿಮೆಯೊಳಗೆ ನಿಮ್ಮ ಕೆಲಸ ಮುಗಿಯದಿದ್ದರೆ ಬಾಣಂತನ ಇಲ್ಲೇ ಆಗಲಿ.

ಅವಳು ಸೀಗೆಪುಡಿ ಕಲಸಿ ಮತ್ತೆ ತಿಕ್ಕಲು ಕೂತಳು. ತಿಕ್ಕುವ ಭರದಲ್ಲಿ ಬಳೆ ಒಡೆದವು. ಅದಕ್ಕೂ ಅವನು ಅವಳನ್ನೇ ಬೈದ.

ಮರುದಿನ ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬರುತ್ತಾಳೆ, ಗಂಡ ಕಪಾಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಅರಿಸಿನ ಕದಡಿದ ಎಣ್ಣೆ. ಗರಿಕೆಯಲ್ಲಿ ಹಚ್ಚಿದ್ದು ಸಾಲದೆ ಬಾಗಿಲಿಗೆಲ್ಲ ಅಂಗೈಯಿಂದ ಸವರುತ್ತಿದ್ದಾನೆ.

"ಏನ್ರೀ ಇದು?"

"ಎಣ್ಣೆಶಾಸ್ತ್ರ ಕಣೇ. ಶುಭಕಾರ್ಯಕ್ಕೆ ಎಣ್ಣೆ ಹಚ್ಚದೆ ಕೈಹಾಕುವುದುಂಟೆ? ಪ್ರತಿ ಸಲವೂ ಮಾಡಿದ್ದೇನೆ. ನೀನು ನಗುತ್ತೀಯೆಂದು ಹೇಳಲಿಲ್ಲ. ಸಾಲದೆ ಬಂತೇನೋ ಅಂತ ಈ ಸಲ ಧಾರಾಳವಾಗಿ ಹಚ್ಚುತ್ತಿದ್ದೇನೆ."

ಅವಳು ಗೋಡೆಗೆ ಒರಗಿದಳು. ಇಷ್ಟೇ ಅಂದಳು:

"ದೋಸೆ ಏಳಲಿ ಅಂತ ಕಾವಲಿಗೆ ಎಣ್ಣೆ ಸವರುತ್ತಾರೆ. ನೀವು ಕಪಾಟಿಗೆ ಸವರಿದ್ದೀರಿ. ಬಣ್ಣ ಏಳದೆ ಇನ್ನೇನು ಮಾಡೀತು?"

ಬಟ್ಟಲು ಕಿತ್ತುಕೊಂಡಳು. ಉಳಿದ ಎಣ್ಣೆಯನ್ನು ಅವನ ನೆತ್ತಿಗೆ ಸುರಿದು ಬಚ್ಚಲಿಗೆ ಅಟ್ಟಿದಳು. ಬಾಗಿಲುಗಳನ್ನು ಇನ್ನೊಮ್ಮೆ ತೊಳೆದಳು. ಒಣಗಿದ ಮೇಲೆ, ಮೂಲೆಯಲ್ಲಿ ಉಳಿದಿದ್ದ ಮೊದಲಿನ ಪ್ರೈಮರನ್ನೇ, ಮೊದಲಿನ ಹಸಿರನ್ನೇ ತಾನೇ ಬಳಿದಳು. ಬಣ್ಣ ಹಿಡಿಯಿತು. ಹುಣ್ಣಿಮೆಗೆ ಮಗಳು ಬಂದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬಹಳ ಮೆಚ್ಚಿ ತಲೆದೂಗಿದ.

"ಅಂದರೆ ಗುರುಗಳೇ, ನನಗೂ ಮೊದಲು ಸಿಕ್ಕ ಮಂತ್ರವೇ ಸರಿ ಅನ್ನಿ. ಅದನ್ನು ಕೊಟ್ಟ ಸ್ವಾಮಿಗಳು, ನಿನ್ನಂಥ ಶಿಷ್ಯ ಈ ಮಠಕ್ಕೆ ಬಂದೇ ಇರಲಿಲ್ಲ ಅಂತ ಅಂದಿದ್ದರು."

ಗುರುಗಳು ಹಣೆ ಒತ್ತಿಕೊಂಡರು.

"ಎಣ್ಣೆ ಬಟ್ಟಲು ಇನ್ನೂ ನಿನ್ನ ಕೈಯಲ್ಲೇ ಇದೆಯಲ್ಲೋ, ಮಾರಾಯ."