ಅಜ್ಜನವರ ಎಡಗೈ

ಅರಿಷಿಣಹಾಳ ಮಠದ ಪೂಜ್ಯ ಶ್ರೀ ಬಯಲಾನಂದ ಅಜ್ಜನವರು ತಮ್ಮ ಕೊನೆಯ ಎರಡು ವರ್ಷಗಳನ್ನು ದನದ ಕೊಟ್ಟಿಗೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಕಳೆದರು. ಮೇಲಂತಸ್ತಿನಲ್ಲಿ ಭಕ್ತರು ಕಟ್ಟಿಸಿಕೊಟ್ಟ ಹಾಲುಗಲ್ಲಿನ ಕೋಣೆ ಇತ್ತು. ಆದರೆ ಪಾರ್ಶ್ವವಾಯು ಬಡಿದು ಎಡಗಡೆಯ ಕೈಕಾಲು ಬಿದ್ದುಹೋದ ಮೇಲೆ ಅಜ್ಜನವರು ಮೆಟ್ಟಿಲಿಲ್ಲದ ಈ ಜಾಗವೇ ಸಾಕೆಂದು ಸನ್ನೆ ಮಾಡಿದರು. ಒಂದು ಕಬ್ಬಿಣದ ಮಂಚ, ಒಂದು ನೀರಿನ ಕೊಡ, ಗೋಡೆಯಾಚೆ ಎಮ್ಮೆ ಮೆಲುಕು ಹಾಕುವ ಸದ್ದು. ಮಾತೂ ಮುಕ್ಕಾಲು ಪಾಲು ಬಿದ್ದುಹೋಗಿತ್ತು. ಒಂದು ಮಾತಾಡಬೇಕಾದರೆ ಅವರ ಹಣೆ ಬೆವರುತ್ತಿತ್ತು. ಹಾಗಾಗಿ ಆ ಕಾಲದಲ್ಲಿ ಅವರಾಡಿದ ಮಾತುಗಳಷ್ಟೂ ನನಗೆ ಬಾಯಿಪಾಠ ಇವೆ.

ನಾನು ಆ ಊರಿನ ಶಾಲೆಯಲ್ಲಿ ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿ, ನಿವೃತ್ತನಾದ ಮೇಲೆ ಮಠದ ಕೆಲಸ ನೋಡಿಕೊಂಡಿದ್ದವನು. ಈ ಪ್ರಸಂಗದಲ್ಲಿ ನನಗೆ ಶೋಭೆ ತರುವಂಥದ್ದು ಏನೂ ಇಲ್ಲ. ಆದರೂ ಬರೆಯುತ್ತೇನೆ. ನಾನು ಮಾಸ್ತರನಾಗಿ ತಿದ್ದಿದ ತಪ್ಪುಗಳು ಸಾವಿರಾರು ಇರಬಹುದು, ನನ್ನದೇ ತಪ್ಪು ತಿದ್ದಿಸಿಕೊಂಡದ್ದು ಇದೊಂದೇ ಸಲ.

ಅಜ್ಜನವರ ಸೇವೆಗೆ ಜನರೇನು ಕಡಿಮೆಯೇ? ನಾ ಮುಂದೆ ತಾ ಮುಂದೆ ಎಂದು ಬಂದರು. ಕೂರಿಸುವವರು ಇಬ್ಬರು, ಎಬ್ಬಿಸುವವರು ನಾಲ್ವರು, ಪಾದ ಒತ್ತುವವರದಂತೂ ಸಾಲು. ಎಬ್ಬಿಸುವಾಗ ಬಿದ್ದ ಕೈಯನ್ನೇ ಹಿಡಿದು ಎಳೆಯುತ್ತಿದ್ದೆವು. ಅಂಗಿ ತೊಡಿಸುವಾಗ, ಬಲಗೈ ಶುಭವೆಂದು ಅದನ್ನು ಮೊದಲು ತೊಡಿಸಿ, ಆಮೇಲೆ ಎಡಗೈಯನ್ನು ಹಿಂದಕ್ಕೆ ತಿರುಚಿ ತೋಳಿನೊಳಗೆ ತುರುಕುತ್ತಿದ್ದೆವು. ಅಜ್ಜನವರು ಒಂದು ದಿನವೂ ನರಳಲಿಲ್ಲ. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ನಮ್ಮ ಭಕ್ತಿ ಅತಿಯಾಗಿ ಅವರ ಭುಜ ತೆಂಗಿನಕಾಯಿಯಷ್ಟು ಬಾತುಕೊಂಡಿತು.

ಡಾಕ್ಟರರು ಬಂದು ನೋಡಿ ನಮ್ಮನ್ನೆಲ್ಲ ಚೆನ್ನಾಗಿ ಬೈದರು. ಎರಡು ದಿನ ಬಿಟ್ಟು ಹುಬ್ಬಳ್ಳಿಯಿಂದ ಒಬ್ಬರನ್ನು ಕಳಿಸಿಕೊಟ್ಟರು. ಅವರೇ ಯಮನೂರಪ್ಪನವರು. ಮೂವತ್ತೈದರ ಆಸುಪಾಸು, ಗಿಡ್ಡ ಆಳು, ಉಗುರು ಬುಡದ ತನಕ ಕತ್ತರಿಸಿದ ಬೆರಳುಗಳು. ಹಾಸಿಗೆ ಹಿಡಿದವರ ಮನೆಯಲ್ಲೇ ಉಳಿದು, ಅವರ ಮೈ ತೊಳೆಸಿ, ಉಣಿಸಿ, ಮಲಮೂತ್ರ ತೆಗೆದು ನೋಡಿಕೊಳ್ಳುವುದು ಅವರ ಕಸುಬು. ಯಾರ ಕೈಕೆಳಗೂ ಅವರು ಇರಲಿಲ್ಲ. ಒಂದು ಮನೆಯವರು ಇನ್ನೊಂದು ಮನೆಗೆ ಹೆಸರು ಹೇಳಿ, ಹಾಗೇ ಬದುಕು ನಡೆದಿತ್ತು.

ಬಂದವರೇ ಅಜ್ಜನವರ ಭುಜ ನೋಡಿ, "ಯಾರ್ರೀ ಈ ಕೈ ಹಿಡದು ಜಗ್ಗಿದವರು?" ಎಂದು ಕೇಳಿದರು. ಅಲ್ಲಿದ್ದ ಹತ್ತು ಜನರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದರು. ನಾನು ತೊಲೆ ಎಣಿಸುತ್ತ ನಿಂತೆ.

ನಮಸ್ಕಾರವನ್ನೂ ಮಾಡದೆ ಕೆಲಸಕ್ಕಿಳಿದದ್ದು ನನಗೆ ಸರಿಬರಲಿಲ್ಲ. ಕೇಳಿದ್ದಕ್ಕೆ ಅವರು, "ನಾ ದೇವರ ಮಂದಿ ಅಲ್ರಿ ಮಾಸ್ತರ್ರ. ಕೆಲಸಕ್ಕ ಬಂದೇನಿ," ಎಂದುಬಿಟ್ಟರು. ಆದರೆ ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಎಬ್ಬಿಸುವಾಗ ಕೈ ಮುಟ್ಟುವ ಮಾತಿಲ್ಲ, ಸೊಂಟಕ್ಕೆ ಪಂಚೆ ಸುತ್ತಿ ಅದನ್ನು ಹಿಡಿದು ಎತ್ತಬೇಕು. ಎರಡೆರಡು ತಾಸಿಗೆ ಮಗ್ಗುಲು ಬದಲಿಸಬೇಕು. ಇವೆಲ್ಲಕ್ಕಿಂತ ಮೊದಲು ಇನ್ನೊಂದಿತ್ತು. ಎಲ್ಲಿ ಕೈಹಚ್ಚುವುದಾದರೂ ಹೇಳಿ ಹಚ್ಚುತ್ತಿದ್ದರು. "ಅಜ್ಜಾರ, ಎಡಗೈ ಮುಟ್ಟತೀನ್ರಿ," ಎಂದು ಹೇಳಿ, ಅಜ್ಜನವರು ರೆಪ್ಪೆ ಬಡಿದ ಮೇಲೆಯೇ ಮುಟ್ಟುವುದು. ಆ ಕೈಗೆ ಸ್ಪರ್ಶವೇ ತಿಳಿಯುವುದಿಲ್ಲವಲ್ಲ ಎಂದು ನಾನೊಮ್ಮೆ ನಕ್ಕೆ. "ಬಿದ್ದ ಕೈ ಆದ್ರೂ ಅದು ಅವರ ಕೈರಿ," ಎಂದರು.

ಮೂರನೆಯ ದಿನ ಅವರು ಅಜ್ಜನವರ ಲಿಂಗಪೂಜೆಯನ್ನು ನೋಡಿದರು. ನಮ್ಮ ಸಂಪ್ರದಾಯದಲ್ಲಿ ಇಷ್ಟಲಿಂಗಕ್ಕೆ ಎಡ ಅಂಗೈಯೇ ಪೀಠ. ಅದರ ಮೇಲೆ ಲಿಂಗವನ್ನಿಟ್ಟು ಬಲಗೈಯಿಂದ ಪೂಜಿಸಬೇಕು. ಅಜ್ಜನವರ ಎಡಗೈ ಮುಷ್ಟಿ ಕಟ್ಟಿಕೊಂಡು ತೊಡೆಯ ಮೇಲೆ ಬಿದ್ದಿರುತ್ತಿತ್ತು. ಬೇರೆಯವರು ಆ ಲಿಂಗವನ್ನು ಮುಟ್ಟುವಂತಿಲ್ಲ. ನಲವತ್ತು ದಿನದಿಂದ ಒಂದು ಮಣೆಗೆ ವಸ್ತ್ರ ಹಾಸಿ, ಅಜ್ಜನವರು ಲಿಂಗವನ್ನು ಅದರ ಮೇಲಿರಿಸಿ ನೀರೆರೆಯುವಂತೆ ನಾನೇ ಏರ್ಪಾಡು ಮಾಡಿದ್ದೆ. ನೀರೆರೆಯುವಾಗ ದಿನವೂ ಅವರ ಕಣ್ಣು ತುಂಬುತ್ತಿತ್ತು. ನಾವು ಅದನ್ನು ಭಕ್ತಿಯ ಪರಾಕಾಷ್ಠೆ ಎಂದು ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗಿದ್ದೆವು.

"ಅಜ್ಜಾರ, ಯಾಕ ಅಳಾಕತ್ತೀರಿ?" ಎಂದು ಕೇಳಿದವರು ಯಮನೂರಪ್ಪನವರು ಒಬ್ಬರೇ.

ಅಜ್ಜನವರು ಬಹಳ ಹೊತ್ತು ಪ್ರಯತ್ನಪಟ್ಟು, "ಕೈ... ಇಲ್ಲ," ಎಂದರು.

ಯಮನೂರಪ್ಪನವರು ಮಂಚದ ಪಕ್ಕ ಮೊಣಕಾಲೂರಿ ಕುಳಿತರು. ಹೇಳಿ, ಕಾಯ್ದು, ಆ ಕೈಯ ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ಬಾಗಿಸಿ, ಹಿಂಗೈಯನ್ನು ಬೆರಳಿನ ಕಡೆಗೆ ಸವರುತ್ತ ಕೂತರು. ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ತೆರೆದ ಅಂಗೈಯ ಕೆಳಗೆ ತಮ್ಮ ಅಂಗೈಯನ್ನು ಕೊಟ್ಟು, "ಈಗ ಇಡ್ರಿ," ಎಂದರು.

ನಾನು ತಡೆದೆ. ಅವರ ಕೊರಳಲ್ಲಿ ಲಿಂಗವಿಲ್ಲ, ಮೇಲಾಗಿ ಸಂಬಳಕ್ಕೆ ಬಂದವರು. ಸಂಬಳಕ್ಕೆ ಮಾಡುವುದು ಕೂಲಿಯಾದೀತು, ಸೇವೆ ಹೇಗಾದೀತು? ಇದನ್ನೆಲ್ಲ ಅವರ ಎದುರಿಗೇ ಹೇಳಿದೆ. ಯಮನೂರಪ್ಪನವರ ಮುಖ ಸಣ್ಣದಾಯಿತು, ಆದರೆ ಕೈ ಅಲುಗಲಿಲ್ಲ.

ಅಜ್ಜನವರು ನನ್ನ ಕಡೆ ತಿರುಗಿದರು. ಹಣೆಯ ಮೇಲೆ ಬೆವರು ಮೂಡಿತು. "ಮಾಸ್ತರ್ರ, ನೀವು ಜಗ್ಗಿದ್ರಿ. ಅವರು ಕೇಳಿದ್ರು," ಎಂದರು. ಆಮೇಲೆ ಬಲಗೈಯಿಂದ ಲಿಂಗವನ್ನು ತೆಗೆದು ತಮ್ಮ ಎಡ ಅಂಗೈಯ ಮೇಲಿಟ್ಟುಕೊಂಡರು. ಲಿಂಗ ಅಜ್ಜನವರ ಕೈಯ ಮೇಲೆ, ಅಜ್ಜನವರ ಕೈ ಯಮನೂರಪ್ಪನವರ ಕೈಯ ಮೇಲೆ. ಅಂದಿನಿಂದ ಪೂಜೆ ಹಾಗೆಯೇ ನಡೆಯಿತು, ಅಜ್ಜನವರು ಮತ್ತೆ ಅಳಲಿಲ್ಲ. ನಾನು ಮಾತ್ರ ಒಳಗೊಳಗೇ ಕುದಿಯುತ್ತಿದ್ದೆ.

ಶ್ರಾವಣದ ಕೊನೆಯ ಸೋಮವಾರ ನಮ್ಮ ಮಠದಲ್ಲಿ ಸಾಮೂಹಿಕ ಲಿಂಗಪೂಜೆ ನಡೆಯುತ್ತದೆ. ಸುತ್ತಲಿನ ಊರುಗಳಿಂದ ಸಾವಿರ ಜನ ಸೇರುತ್ತಾರೆ. ಆ ವರ್ಷ ತಾವೂ ಸಭಾಮಂಟಪಕ್ಕೆ ಬರುತ್ತೇವೆಂದು ಅಜ್ಜನವರು ತಿಳಿಸಿದರು. ಸುದ್ದಿ ಕೇಳಿದ ಯಮನೂರಪ್ಪನವರು ಹಿಂದಿನ ದಿನ ಮಂಚದ ಬಳಿ ಬಂದು ನಿಂತು, ಪೂಜೆಯ ಹೊತ್ತಿಗೆ ತಮ್ಮನ್ನು ಬಿಡಬೇಕೆಂದು ಬೇಡಿಕೊಂಡರು.

"ಯಾಕ?" ಎಂದರು ಅಜ್ಜನವರು.

ಆಗ ಹೊರಬಿತ್ತು. ಅವರ ಮಾವ, ಅಂದರೆ ಹೆಂಡತಿಯ ತಂದೆ ಗದಿಗೆಪ್ಪನವರು, ಆ ಪೂಜೆಗೆ ತಪ್ಪದೆ ಬರುವವರು. ಅಳಿಯ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿದ್ದಾರೆಂದೇ ಎಂಟು ವರ್ಷದಿಂದ ನಂಬಿದ್ದರು. "ಸುಳ್ಳು ಹೇಳಿ ಲಗ್ನ ಆದೇನ್ರಿ. ಮಂದಿ ಹೊಲಸು ಬಳಿಯೋರ ಮನ್ಯಾಗ ನನ್ನ ಮಗಳು ಒಂದ ದಿನಾನೂ ಇರಂಗಿಲ್ಲ ಅಂತ ಅವರ ಬಾಯಿಲೇ ಕೇಳೇನಿ. ನಾಳೆ ನನ್ನ ನೋಡಿದ್ರ ನಾಡಿದ್ದು ಆಕೀನ್ನ ಕರಕೊಂಡು ಹೋಗತಾರ. ನನ್ನ ಮನಿ ಒಡೀತೈತ್ರಿ," ಎಂದು ಹೇಳುವಾಗ ಅವರ ಕಣ್ಣು ನೆಲದ ಮೇಲಿತ್ತು.

ಅಜ್ಜನವರು ಒತ್ತಾಯಿಸಲಿಲ್ಲ. "ಹೋಗ್ರಿ. ತಪ್ಪಿಲ್ಲ," ಎಂದರು.

ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಕೈ ಹಿಡಿಯುವ ಭಾಗ್ಯ ಇನ್ನಾರದು? ಮರುದಿನ ಬೆಳಿಗ್ಗೆ ಮಿಂದು ಮಡಿಯುಟ್ಟು, ಸಾವಿರ ಜನರ ಎದುರು ಅಜ್ಜನವರ ಪಕ್ಕದಲ್ಲಿ ಕುಳಿತೆ. ಗಂಟೆ ಮೊಳಗಿತು. ಎಲ್ಲರ ಎಡ ಅಂಗೈಗಳೂ ಎದ್ದವು. ನಾನು ಅಜ್ಜನವರ ಮುಷ್ಟಿಯನ್ನು ಹಿಡಿದು ಬೆರಳು ಬಿಡಿಸಲು ಹೋದೆ. ಬಿಡಿಸಿದಷ್ಟೂ ಅದು ಬಿಗಿದುಕೊಂಡಿತು. ಇನ್ನೊಂದು ಕೈಯನ್ನೂ ಹಚ್ಚಿದೆ. ಅಜ್ಜನವರ ತೋಳು ಅದುರತೊಡಗಿತು, ತುಟಿ ಬಿಳಿಚಿತು. ಅವರು ಬಲಗೈಯಲ್ಲಿ ಲಿಂಗವನ್ನು ಹಿಡಿದು ಕಾಯುತ್ತಲೇ ಇದ್ದರು. ಸಭೆಯಲ್ಲಿ ಗುಸುಗುಸು ಎದ್ದಿತು. ನನ್ನ ಮೂವತ್ತೆರಡು ವರ್ಷದ ಮಾಸ್ತರಿಕೆಗೆ ಒಂದು ಮುಷ್ಟಿಯನ್ನು ಬಿಡಿಸುವ ವಿದ್ಯೆ ಇರಲಿಲ್ಲ.

ಯಮನೂರಪ್ಪನವರು ಊರು ಬಿಟ್ಟು ಹೋಗಿರಲಿಲ್ಲ. ಪೂಜೆಯಾದ ಮೇಲೆ ಅಜ್ಜನವರು ನುಂಗಬೇಕಾದ ಗಂಜಿಯ ಹದವನ್ನು ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸಾಗದೆ ಅಡುಗೆಮನೆಯಲ್ಲೇ ಉಳಿದಿದ್ದರು. ಬಾಗಿಲ ಸಂದಿಯಿಂದ ನನ್ನ ಪರದಾಟವನ್ನು ಕಂಡರು. ಮೂರನೆಯ ಸಾಲಿನಲ್ಲಿ ಕೂತಿದ್ದ ಮಾವನನ್ನೂ ಕಂಡರು. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ಕೈ ತೊಳೆದು, ಮಂಟಪದ ನಟ್ಟನಡುವೆ ನಡೆದು ಬಂದರು.

"ಸರೀರಿ ಮಾಸ್ತರ್ರ," ಎಂದರು. ನಾನು ಸರಿದೆ.

"ಅಜ್ಜಾರ, ಎಡಗೈ ಮುಟ್ಟತೀನ್ರಿ."

ಆ ಮಾತು ಕೊನೆಯ ಸಾಲಿಗೂ ಕೇಳಿಸಿತು. ಅಜ್ಜನವರು ರೆಪ್ಪೆ ಬಡಿದರು. ಯಮನೂರಪ್ಪನವರು ಅವಸರಪಡಲಿಲ್ಲ. ಸಾವಿರ ಜನ ಕಾಯುತ್ತಿದ್ದಾರೆಂಬುದು ಅವರಿಗೆ ಗೊತ್ತೇ ಇಲ್ಲವೇನೋ ಎಂಬಂತೆ ಹಿಂಗೈ ಸವರುತ್ತ ಕೂತರು. ಬೆರಳುಗಳು ಬಿಚ್ಚಿದವು. ಪೂಜೆ ಸಾಂಗವಾಗಿ ನೆರವೇರಿತು. ಅರ್ಧ ತಾಸು ಅವರ ಕೈ ಅಜ್ಜನವರ ಕೈಯ ಕೆಳಗಿತ್ತು, ಒಂದು ಹನಿ ನೀರೂ ಹೊರಗೆ ಚೆಲ್ಲಲಿಲ್ಲ.

ಪೂಜೆ ಮುಗಿದು ಜನ ಪಾದೋದಕಕ್ಕೆ ಏಳುವಷ್ಟರಲ್ಲಿ ಯಾರೋ ಹಿರಿಯರು, ಈ ಮನುಷ್ಯ ಯಾರು ಎಂದು ಗಟ್ಟಿಯಾಗಿ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಜ್ಜನವರು ಕತ್ತು ಎತ್ತಿದರು.

"ಇವರು ನನ್ನ ಎಡಗೈ," ಎಂದರು.

ಪಾರ್ಶ್ವವಾಯು ಬಡಿದ ಮೇಲೆ ಅಷ್ಟು ಸ್ಪಷ್ಟವಾದ ಮಾತು ಅವರ ಬಾಯಿಂದ ಬಂದಿರಲಿಲ್ಲ. ಎಡಗೈ ಎಂದರೆ ಏನೆಂದು ಅಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರತಿಯೊಬ್ಬರ ಎಡಗೈಯಲ್ಲೂ ಆಗತಾನೆ ಪೂಜೆಗೊಂಡ ಲಿಂಗವಿತ್ತು. ನನಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಇಂಥವರು ನಮ್ಮ ಮಠದಲ್ಲಿದ್ದಾರಲ್ಲ ಎಂದು ಎದೆಯುಬ್ಬಿತು. ಎರಡೂ ನಿಜ.

ಗದಿಗೆಪ್ಪನವರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಎತ್ತರದ ಆಳು, ಮಡಿಕೆ ಮುರಿಯದ ರುಮಾಲು. ಅಳಿಯನ ಎದುರು ನಿಂತು, "ಇದ ಏನ ನಿನ್ನ ಕೆಲಸ?" ಎಂದರು.

"ಹೌದ್ರಿ ಮಾವಾರ. ಹಾಸಿಗಿ ಹಿಡದವರ ಮೈ ತೊಳಸತೀನಿ, ಉಣಸತೀನಿ, ಉಚ್ಚಿ ಹೇಲು ತಗೀತೀನಿ. ಹನ್ನೊಂದು ವರ್ಷ ಆತು. ನಿಮಗ ಸುಳ್ಳು ಹೇಳಿದ್ದು ತಪ್ಪು, ಕೈ ಮುಗೀತೀನಿ. ಆದ್ರ ಈ ಕೆಲಸ ತಪ್ಪಲ್ಲ. ಹನ್ನೊಂದು ವರ್ಷದಾಗ ನನ್ನ ಕೈಯಾಗಿದ್ದ ಒಬ್ಬರ ಬೆನ್ನಿಗೂ ಹುಣ್ಣು ಎದ್ದಿಲ್ರಿ. ಒಬ್ಬರಿಗೂ."

ಗದಿಗೆಪ್ಪನವರು ಬೈಯುತ್ತಾರೆ, ಇಲ್ಲವೇ ಬೆನ್ನು ತಿರುಗಿಸಿ ಹೋಗುತ್ತಾರೆ ಎಂದುಕೊಂಡೆ. ಅವರು ಎರಡನ್ನೂ ಮಾಡಲಿಲ್ಲ. ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕುಳಿತರು.

"ನಮ್ಮವ್ವ ಮಲಗಿ ನಾಲ್ಕು ತಿಂಗಳಾತು," ಎಂದರು. ದನಿ ಅವರದೇ ಎನ್ನುವಂತಿರಲಿಲ್ಲ. "ಬೆನ್ನು ಒಡದೈತಿ. ವಾಸನಿ ಬರತೈತಿ ಅಂತ ಹಿಂದಿನ ಕ್ವಾಣ್ಯಾಗ ಹಾಕೇನಿ. ಬೀಗರಿಗೆ, ಮಂದಿಗೆ, ತೀರ್ಥಕ್ಕ ಹೋಗ್ಯಾಳ ಅಂತ ಹೇಳೇನಿ. ನಿನ್ನ ಹೆಂಡತಿಗೂ ಹೇಳಿಲ್ಲ."

ಎಂಟು ವರ್ಷ ಒಬ್ಬರು ಮುಚ್ಚಿಟ್ಟರು, ನಾಲ್ಕು ತಿಂಗಳು ಇನ್ನೊಬ್ಬರು ಮುಚ್ಚಿಟ್ಟರು. ಇಬ್ಬರ ನಡುವೆ ಆ ಮುದುಕಿ ನವೆಯುತ್ತಿದ್ದರು. ನನಗೆ ಅಳು ಬಂತು. ಯಮನೂರಪ್ಪನವರಿಗೆ ಅಳುವುದಕ್ಕೆ ಪುರುಸೊತ್ತಿರಲಿಲ್ಲ.

"ಹುಣ್ಣು ಎಷ್ಟ ಅಗಲ ಐತಿ? ಆಳ ಐತೇನು? ಜ್ವರ ಬರತಾವೇನು? ಉಚ್ಚಿ ಹಾಸಿಗ್ಯಾಗ ಆಗತೈತೋ ಹೆಂಗ? ಡಾಕ್ಟರ್ರಿಗೆ ತೋರಿಸೀರೇನು?" ಸಾವಿರ ಜನರ ನಡುವೆ, ಗಟ್ಟಿ ದನಿಯಲ್ಲಿ, ಒಂದೊಂದಾಗಿ ಕೇಳಿದರು. ಹಿಂದಿನ ದಿನ ನೆಲ ನೋಡುತ್ತಿದ್ದ ಕಣ್ಣು ಈಗ ಮಾವನ ಮುಖದ ಮೇಲಿಂದ ಕದಲಲಿಲ್ಲ. ಗದಿಗೆಪ್ಪನವರು ಪರೀಕ್ಷೆಗೆ ಕೂತವರಂತೆ ಉತ್ತರ ಕೊಟ್ಟರು.

ಎಲ್ಲ ಕೇಳಿ ಮುಗಿಸಿ ಯಮನೂರಪ್ಪನವರು ಅಜ್ಜನವರ ಕಡೆ ನೋಡಿದರು. ಇಲ್ಲಿಯ ಕೆಲಸ ಬಿಟ್ಟು ಹೇಗೆ ಹೋಗುವುದು ಎಂಬ ಸಂಕಟ ಅವರ ಮುಖದಲ್ಲಿತ್ತು. ಅಜ್ಜನವರು ಬಲಗೈ ಎತ್ತಿ ನನ್ನನ್ನು ತೋರಿಸಿದರು. "ಇವರಿಗೆ ಕಲಿಸ್ರಿ," ಎಂದರು. ಮಾಡಿದ್ದುಣ್ಣೋ ಮಹಾರಾಯ!

ಅಡುಗೆಮನೆಯಲ್ಲಿ, ಕೋಣೆಯಲ್ಲಿ, ಎರಡು ತಾಸು ನಾನು ವಿದ್ಯಾರ್ಥಿಯಾದೆ. ಗಂಜಿಯ ಹದ, ಗದ್ದ ತಗ್ಗಿಸಿ ಉಣಿಸುವುದು, ಉಂಡ ಮೇಲೆ ಕೂಡಲೇ ಮಲಗಿಸದಿರುವುದು, ಮಗ್ಗುಲು ಬದಲಿಸುವುದು. ಮುಷ್ಟಿ ಬಿಡಿಸುವುದನ್ನು ಏಳು ಸಲ ಮಾಡಿಸಿದರು. ಎಂಟನೆಯ ಸಲ ಅಜ್ಜನವರ ಬೆರಳುಗಳು ನನ್ನ ಕೈಯಲ್ಲೂ ಬಿಚ್ಚಿಕೊಂಡವು. ಆ ಕ್ಷಣ ನನ್ನ ಗುರು ಯಾರೆಂದು ಕೇಳಿದ್ದರೆ ಇಬ್ಬರ ಹೆಸರು ಹೇಳುತ್ತಿದ್ದೆ.

ಹೊರಡುವಾಗ ಅವರು ಅಜ್ಜನವರ ಪಾದಕ್ಕೆ ಹಣೆ ಮುಟ್ಟಿಸಿದರು. ಬಂದಂದಿನಿಂದ ಅದೇ ಮೊದಲ ನಮಸ್ಕಾರ. ಅಜ್ಜನವರು ಅವರ ನೆತ್ತಿಯ ಮೇಲೆ ಬಲಗೈ ಇಡದೆ, ಬಲಗೈಯಿಂದ ತಮ್ಮ ಎಡಗೈಯನ್ನೆತ್ತಿ ಅದನ್ನು ಇಟ್ಟರು.

ಗದಿಗೆಪ್ಪನವರು ಹೊಸ್ತಿಲಲ್ಲಿ ಕಾಯುತ್ತಿದ್ದರು. ಬಗ್ಗಿ ಅಳಿಯನ ಚೀಲವನ್ನು ತಾವೇ ಎತ್ತಿ ಹೆಗಲಿಗೆ ಹಾಕಿಕೊಂಡರು. ಮಾವ ಅಳಿಯನ ಚೀಲ ಹೊರುವುದನ್ನು ನಮ್ಮ ಸೀಮೆಯಲ್ಲಿ ನಾನು ಕಂಡದ್ದು ಅದೊಂದೇ ಸಲ. ಮಹಾದ್ವಾರದಲ್ಲಿ ಅವರ ಊರಿನ ನಾಲ್ಕು ಜನ ಎದುರಾದರು. "ಏನ್ರೀ ಗದಿಗೆಪ್ಪಾರ, ಚೀಲ ಹೊತಗೊಂಡು ಎಲ್ಲಿಗೆ ಹೊಂಟೀರಿ?"

ಗದಿಗೆಪ್ಪನವರು ನಿಂತರು. "ನಮ್ಮವ್ವ ಮನ್ಯಾಗ ಮಲಗ್ಯಾಳ. ತೀರ್ಥಕ್ಕ ಹೋಗಿಲ್ಲ, ಸುಳ್ಳು ಹೇಳಿದ್ನಿ," ಎಂದರು. ಆಮೇಲೆ ಚೀಲವನ್ನು ಹೆಗಲ ಮೇಲೆ ಸರಿಪಡಿಸಿಕೊಂಡು, ಇನ್ನೂ ಗಟ್ಟಿಯಾಗಿ, "ಇವರು ನಮ್ಮ ಅಳಿಯಾರು. ಹಾಸಿಗಿ ಹಿಡದವರ ಮೈ ನೋಡಕೊಳ್ಳೋರು. ಅವ್ವನ್ನ ನೋಡಾಕ ಕರಕೊಂಡು ಹೊಂಟೇನಿ," ಎಂದರು.

ಪಕ್ಕದಲ್ಲಿ ನಿಂತಿದ್ದ ಯಮನೂರಪ್ಪನವರು ತಲೆ ತಗ್ಗಿಸಲಿಲ್ಲ.