ಕಂಪ್ಯೂಟರಜ್ಜನ ನೆತ್ತಿ ತಣ್ಣಗಾಯ್ತು

ಕಾಲು ಮಡಚಿ ಕೂತಿರಾ? ಕೈ ಕಟ್ಟಿದಿರಾ? ಹಾಂ, ಹಾಗೇ ಇರಿ. ಇದು ಕೂತಲ್ಲಿ ಕೂರದ ಒಂದು ಬೆಕ್ಕಿನ ಕತೆ. ನೀವೂ ಅದರ ಬಳಗವೇ, ನನಗೆ ಗೊತ್ತು.

ಬೆಕ್ಕಿನ ಹೆಸರು ಚುಕ್ಕಿ. ಚುಕ್ಕಿಗೆ ಮೂರು ಮರಿ. ಪೇಟೆಯಲ್ಲಿ ಕಾಶವ್ವನ ಅಂಗಡಿ. ಅಂಗಡಿಯಲ್ಲಿ ಒಂದು ಕಂಪ್ಯೂಟರ್. ಹಳೇದು ಅಂದರೆ ಹಳೇದು! ಮೇಲೆ ದಪ್ಪ ತಲೆ. ಕೆಳಗೆ ತಗಡಿನ ಹೊಟ್ಟೆ. ಎಲ್ಲರೂ ಅದನ್ನು ಕಂಪ್ಯೂಟರಜ್ಜ ಅನ್ನುತ್ತಿದ್ದರು.

ಜನ ಬರುತ್ತಿದ್ದರು. ಕಾಶವ್ವ ಗುಂಡಿ ಒತ್ತುತ್ತಿದ್ದಳು. ಒಬ್ಬರಿಗೆ ಬಸ್ಸಿನ ಟಿಕೆಟ್. ಒಬ್ಬರಿಗೆ ಪರೀಕ್ಷೆಯ ಫಲಿತಾಂಶ. ಅಜ್ಜ ಗುಂಯ್ ಅನ್ನುತ್ತಿದ್ದ. ಅಜ್ಜನ ನೆತ್ತಿ ಬೆಚ್ಚಗಾಗುತ್ತಿತ್ತು. ಆ ಬೆಚ್ಚಗಿನ ನೆತ್ತಿಯ ಮೇಲೆ ಮೂರು ಮರಿ ಮಲಗುತ್ತಿದ್ದವು.

ಒಂದು ದಿನ ಏನಾಯಿತು? ಮೈ ಕೊರೆಯುವ ಚಳಿ. ಅಜ್ಜನ ನೆತ್ತಿ ತಣ್ಣಗೆ. ಗುಂಯ್ ಇಲ್ಲ. ಬೆಳಕಿಲ್ಲ. ಮರಿಗಳು ಗಡಗಡ ನಡುಗಿದವು.

"ಮಿಂಯ್! ಮಿಂಯ್! ಮಿಂಯ್!"

ಚುಕ್ಕಿ ಎದ್ದಿತು. ಅತ್ತ ಓಡಿತು. ಇತ್ತ ಓಡಿತು. ಬಾಲ ಪಟ್ ಪಟ್.

"ಅಜ್ಜಾ ಅಜ್ಜಾ, ಬೆಚ್ಚಗಾಗು. ಮರಿ ಮಲಗವಲ್ಲವು."

"ನಾ ಒಲ್ಲೆ," ಅಂದ ಅಜ್ಜ. "ಸುಮ್ಮಸುಮ್ಮನ ಹೆಂಗ ಬೆಚ್ಚಗಾಗಲಿ? ಕಾಶವ್ವ ಗುಂಡಿ ಒತ್ತವಲ್ಲಳು. ಆಕೀನ್ನ ಕೇಳು."

ಚುಕ್ಕಿ ಅತ್ತ ಓಡಿತು. ಇತ್ತ ಓಡಿತು. ಬಾಲ ಪಟ್ ಪಟ್. ಕಾಶವ್ವ ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದಳು.

"ಕಾಶವ್ವಾ ಕಾಶವ್ವಾ, ಗುಂಡಿ ಒತ್ತು. ಅಜ್ಜ ಬೆಚ್ಚಗಾಗವಲ್ಲ. ಮರಿ ಮಲಗವಲ್ಲವು."

"ನಾ ಒಲ್ಲೆ," ಅಂದಳು ಕಾಶವ್ವ. "ಒತ್ತಿ ಏನ್ ಮಾಡ್ಲೇ? ಬ್ರೌಸರ್ ಪುಟ ತೆರೆಯವಲ್ಲ. ನಿನ್ನೆ ತೆರೆದ. ಇವತ್ತ ತೆರೆಯವಲ್ಲ. ಬಂದ ಮಂದಿ ಹೊಳ್ಳಿ ಹೋದ್ರು. ಸಂಜಿಗೆ ಗುಜರಿಯವ ಬರ್ತಾನ. ಅಜ್ಜನ್ನ ಒಯ್ತಾನ."

ಅಯ್ಯೋ! ಗುಜರಿಯವ! ಮುರಿದ ಸೈಕಲ್ಲು, ತೂತು ಬಿದ್ದ ಕೊಡ ಒಯ್ಯುವ ಗುಜರಿಯವ! ಅಜ್ಜ ಹೋದರೆ ಮರಿ ಎಲ್ಲಿ ಮಲಗಬೇಕು?

ಬ್ರೌಸರ್ ಎಲ್ಲಿರುತ್ತಾನೆ? ಅಜ್ಜನ ಹೊಟ್ಟೆಯೊಳಗೆ ಇರುತ್ತಾನೆ. ದೂರ ದೂರದ ಪುಟ ತಂದು ತೆರೆದು ತೋರಿಸುವುದೇ ಅವನ ಕೆಲಸ. ಚುಕ್ಕಿ ಅತ್ತ ಓಡಿತು. ಇತ್ತ ಓಡಿತು. ಬಾಲ ಪಟ್ ಪಟ್. ತಗಡಿನ ತೂತಿಗೆ ಮೂತಿ ಇಟ್ಟು ಕೂಗಿತು.

"ಬ್ರೌಸರಣ್ಣಾ ಬ್ರೌಸರಣ್ಣಾ, ಪುಟ ತೆರಿ. ಕಾಶವ್ವ ಗುಂಡಿ ಒತ್ತವಲ್ಲಳು. ಅಜ್ಜ ಬೆಚ್ಚಗಾಗವಲ್ಲ. ಮರಿ ಮಲಗವಲ್ಲವು."

"ನಾ ಒಲ್ಲೆ," ಅಂದ ಬ್ರೌಸರ್. ಬಲು ಬಿಂಕ ಅವನಿಗೆ. "ಹಳೇ ಕಂಪ್ಯೂಟರ್ ಸಂಗಾಟ ನನ್ನ ಕೆಲಸ ನಿನ್ನೆಗೇ ಮುಗೀತು. ನನ್ನ ಮಾಡಿದ ಮ್ಯಾಲಿನವರ ಹುಕುಂ ಆಗೈತಿ. ನನ್ನ ಹೊರೂ ಸಿಸ್ಟಮ್ ಮುದುಕ ಆಗ್ಯಾನ. ಅವ ಹೊಸಬ ಆಗಲಿ. ಆಮ್ಯಾಲೆ ನೋಡೂಣು."

ದೂರದಲ್ಲಿ ಗುಜರಿ ಬಂಡಿ. ಠಣ್.

ಸಿಸ್ಟಮ್ ಎಲ್ಲಿರುತ್ತಾನೆ? ಅವನೂ ಹೊಟ್ಟೆಯೊಳಗೇ, ಬ್ರೌಸರಿನ ಕೆಳಗೆ. ಬ್ರೌಸರನ್ನು ಹೆಗಲ ಮೇಲೆ ಹೊತ್ತು ಹೊತ್ತು ಸುಸ್ತಾಗಿದ್ದ. ಚುಕ್ಕಿ ಅತ್ತ ಓಡಿತು. ಇತ್ತ ಓಡಿತು. ಬಾಲ ಪಟ್ ಪಟ್.

"ಸಿಸ್ಟಮ್ ಮಾವಾ ಸಿಸ್ಟಮ್ ಮಾವಾ, ಹೊಸಬ ಆಗು. ಬ್ರೌಸರ್ ಪುಟ ತೆರೆಯವಲ್ಲ. ಕಾಶವ್ವ ಗುಂಡಿ ಒತ್ತವಲ್ಲಳು. ಅಜ್ಜ ಬೆಚ್ಚಗಾಗವಲ್ಲ. ಮರಿ ಮಲಗವಲ್ಲವು."

"ಆಆಆ..." ಸಿಸ್ಟಮ್ ಆಕಳಿಸಿದ. "ನಾ ಒಲ್ಲೆ. ಹೊಸಬ ಆಗಬೇಕಂದ್ರ ಕಾಲ್ ಚಾಚಾಕ ಜಾಗ ಬೇಕು. ಜಾಗ ಅಂದ್ರ ಮೆಮೊರಿ. ಇಲ್ಲಿ ಮೆಮೊರಿ ಅಂಗೈಯಷ್ಟೂ ಇಲ್ಲ. ರಿಪೇರಿ ಮೌಲಾಲಿ ದೊಡ್ಡ ಮೆಮೊರಿ ಹಾಕಲಿ."

ಗುಜರಿ ಬಂಡಿ ಓಣಿಗೆ ಬಂತು. ಠಣ್ ಠಣ್.

ಚುಕ್ಕಿ ನಿಂತೀತೇ? ಅತ್ತ ಓಡಿತು. ಇತ್ತ ಓಡಿತು. ಬಾಲ ಪಟ್ ಪಟ್. ರಸ್ತೆ ದಾಟಿತು. ಮೌಲಾಲಿ ಶೇಂಗಾ ಚಿಕ್ಕಿ ತಿನ್ನುತ್ತ ಮೇಜಿನ ಕೆಳಗೆ ಏನೋ ಹುಡುಕುತ್ತಿದ್ದ.

"ಮೌಲಾಲಿ ಕಾಕಾ ಮೌಲಾಲಿ ಕಾಕಾ, ಮೆಮೊರಿ ಹಾಕು. ಸಿಸ್ಟಮ್ ಹೊಸಬ ಆಗವಲ್ಲ. ಬ್ರೌಸರ್ ಪುಟ ತೆರೆಯವಲ್ಲ. ಕಾಶವ್ವ ಗುಂಡಿ ಒತ್ತವಲ್ಲಳು. ಅಜ್ಜ ಬೆಚ್ಚಗಾಗವಲ್ಲ. ಮರಿ ಮಲಗವಲ್ಲವು."

"ನಾ ಒಲ್ಲೆ ಅನ್ನಾಂವಲ್ಲವ್ವಾ," ಅಂದ ಮೌಲಾಲಿ. "ದೊಡ್ಡ ಮೆಮೊರಿ ಐತಿ. ಹಗೂರದ ಹೊಸ ಸಿಸ್ಟಮ್ ಪೆನ್‌ಡ್ರೈವಿನಾಗ ತುಂಬಿ ಕಿಸೇದಾಗ ಇಟ್ಟೀನಿ. ಆದ್ರ ಅಜ್ಜನ ಹೊಟ್ಟಿ ಬಿಚ್ಚೂದು ಹೆಂಗ? ಚಿಕ್ಕಿ ತಿಂದ ಕೈಲೆ ಸ್ಕ್ರೂಡ್ರೈವರ್ ಹಿಡಿದಿದ್ದೆ. ವಾಸನಿ ಹಿಡಿದು ಇಲಿ ಎಳಕೊಂಡು ಹೋಗೈತಿ. ಅಗೋ, ಆ ಬಿಲದಾಗ."

ಇಲಿ! ಬೆಕ್ಕು ಹೋಗಿ ಇಲಿಯನ್ನು ಕೇಳಬೇಕು! ನಗಬೇಡಿ. ಚುಕ್ಕಿಗೆ ನಗು ಬರಲಿಲ್ಲ.

ಬಿಲದ ಹತ್ತಿರ ಹೋಯಿತು. ದಿನಾ "ಏ ಇಲೀ" ಅನ್ನುತ್ತಿದ್ದ ಚುಕ್ಕಿ ಇವತ್ತು ಏನಂದಿತು ಗೊತ್ತಾ?

"ಇಲಿಯಪ್ಪಾ ಇಲಿಯಪ್ಪಾ, ಸ್ಕ್ರೂಡ್ರೈವರ್ ಕೊಡು. ಮೌಲಾಲಿ ಮೆಮೊರಿ ಹಾಕವಲ್ಲ. ಸಿಸ್ಟಮ್ ಹೊಸಬ ಆಗವಲ್ಲ. ಬ್ರೌಸರ್ ಪುಟ ತೆರೆಯವಲ್ಲ. ಕಾಶವ್ವ ಗುಂಡಿ ಒತ್ತವಲ್ಲಳು. ಅಜ್ಜ ಬೆಚ್ಚಗಾಗವಲ್ಲ. ಮರಿ ಮಲಗವಲ್ಲವು."

"ನಾ ಒಲ್ಲೆ!" ಬಿಲದೊಳಗಿಂದ ಕಿಚ್ ಅಂದಿತು ಇಲಿ. "ನಾ ಹೊರಗ ಬರಬೇಕು, ನೀ ಗುಳುಂ ಅಂತ ನುಂಗಬೇಕು. ಹೌದಿಲ್ಲೋ?"

"ಇಲ್ಲಪ್ಪಾ, ನುಂಗೂದಿಲ್ಲ."

"ಬಾಯಿಮಾತು ಬ್ಯಾಡ. ಸುಮ್ಮನ ಕೂಡು. ಬಾಲ ಅಲುಗಬಾರದು. ಮೀಸಿ ಅಲುಗಬಾರದು. ಕಿವಿ ಅಲುಗಬಾರದು. ಅಲುಗಿತೋ, ನಾ ಒಳಗ."

ಸುಮ್ಮನೆ ಕೂರುವುದು! ಚುಕ್ಕಿಗೆ! ಓಡು ಅಂದರೆ ಓಡೀತು. ಹಾರು ಅಂದರೆ ಹಾರೀತು. ಕೂರು ಅಂದರೆ?

ಚುಕ್ಕಿ ಕೂತಿತು. ಇಲಿ ಮೂತಿ ಹೊರಗಿಟ್ಟಿತು. ಬಾಲ ಪಟ್. ಇಲಿ ಒಳಗೆ!

ಚುಕ್ಕಿ ಮತ್ತೆ ಕೂತಿತು. ಬಾಲವನ್ನು ಕಾಲ ಕೆಳಗೆ ಒತ್ತಿ ಹಿಡಿಯಿತು. ಇಲಿ ಎರಡು ಹೆಜ್ಜೆ ಹೊರಗೆ ಬಂತು. ಮೀಸೆ ಪುಳಕ್. ಇಲಿ ಒಳಗೆ!

ಗುಜರಿ ಬಂಡಿ ಕಾಶವ್ವನ ಅಂಗಡಿಯ ಕಡೆ ತಿರುಗಿತು. ಠಣ್ ಠಣ್ ಠಣ್.

ಚುಕ್ಕಿ ಮತ್ತೆ ಕೂತಿತು. ಕಣ್ಣು ಮುಚ್ಚಿತು. ರಸ್ತೆಯ ಆಚೆಯಿಂದ ಕೇಳಿಸಿತು: "ಮಿಂಯ್! ಮಿಂಯ್! ಮಿಂಯ್!" ಎದ್ದು ಓಡಬೇಕು ಅನ್ನಿಸಿತು. ಎದ್ದಿತೇ? ಏಳಲಿಲ್ಲ. ಬಾಲ ಅಲುಗಲಿಲ್ಲ. ಮೀಸೆ ಅಲುಗಲಿಲ್ಲ. ಕಿವಿ ಅಲುಗಲಿಲ್ಲ.

ಇಲಿ ಬಂತು. ಸ್ಕ್ರೂಡ್ರೈವರ್ ಎಳೆಯುತ್ತ ಬಂತು. ಸರ್ರ್, ಸರ್ರ್. ಬೇಕಂತಲೇ ನಿಧಾನ ಬಂತು, ತುಂಟ ಇಲಿ. ಚುಕ್ಕಿಯ ಮೂಗಿನ ಕೆಳಗೇ ಬಂತು. ಇಲಿಯ ಬಾಲ ಚುಕ್ಕಿಯ ಮೂಗಿಗೆ ತಾಗಿತು.

ಸೀನು ಬಂತು!

ಚುಕ್ಕಿ ಗುಳುಂ ಅಂತ ನುಂಗಿತು. ಇಲಿಯನ್ನಲ್ಲ. ಸೀನನ್ನು!

"ಶಾಣ್ಯಾಕಿ," ಅಂದಿತು ಇಲಿ. "ತಗೋ. ಇನ್ನ ಓಡು."

ಚುಕ್ಕಿ ಓಡಿದ ಓಟ ನೀವು ನೋಡಬೇಕಿತ್ತು! ಅತ್ತ ಇಲ್ಲ, ಇತ್ತ ಇಲ್ಲ, ನೆಟ್ಟಗೆ ಮೌಲಾಲಿಯ ಹತ್ತಿರ. ಮೌಲಾಲಿ ಚಿಕ್ಕಿ ಅಲ್ಲೇ ಬಿಟ್ಟ. ಕೈ ತೊಳೆದ. ಹೌದು, ಈ ಸಲ ತೊಳೆದ. ರಸ್ತೆ ದಾಟಿ ಓಡಿ ಬಂದ.

ಇಲಿ ಸ್ಕ್ರೂಡ್ರೈವರ್ ಕೊಟ್ಟಿತು. ಮೌಲಾಲಿ ಮೆಮೊರಿ ಹಾಕಿದ. ಸಿಸ್ಟಮ್ ಕಾಲು ಚಾಚಿ ಹೊಸಬ ಆದ. ಬ್ರೌಸರ್ ಬಿಂಕ ಬಿಟ್ಟು "ಪುಟ ತೆರೀತೀನಿ" ಅಂದ. ಕಾಶವ್ವ ಗುಂಡಿ ಒತ್ತಿದಳು. ಅಜ್ಜ...

ಅಜ್ಜ?

ಬೆಳಕಿಲ್ಲ. ಸದ್ದಿಲ್ಲ. ಗುಜರಿ ಬಂಡಿ ಬಾಗಿಲಲ್ಲೇ ನಿಂತಿತು. ಠಣ್ ಠಣ್ ಠಣ್ ಠಣ್!

"ಎಲ್ಲೈತಿ ಬೇ ಹಳೇ ಸಾಮಾನು?" ಅಂತ ಒಳಗೆ ಬಂದ ಗುಜರಿಯವ.

ಗುಂಯ್!

ಅಜ್ಜನ ಮುಖದಲ್ಲಿ ಬೆಳಕು ಬಂತು. ಪುಟ ತೆರೆಯಿತು.

"ಹಳೇ ಸಾಮಾನೇನಪಾ?" ಅಂದಳು ಕಾಶವ್ವ. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ಇಲ್ಲಿ ಅಂಥಾದ್ದೇನೂ ಇಲ್ಲ. ಮುಂದ ಹೋಗು." ಗುಜರಿಯವ ಹೋದ. ಬಂಡಿ ದೂರ ದೂರ ಹೋಯಿತು. ಠಣ್ ಠಣ್. ಠಣ್.

ಕಾಶವ್ವ ಗುಂಡಿ ಒತ್ತಿದಳು. ಅಜ್ಜ ಬೆಚ್ಚಗಾದ. ಮರಿ ಮಲಗಿದವು. ಒಂದು, ಎರಡು, ಮೂರು. ಅವುಗಳ ಪಕ್ಕ ಚುಕ್ಕಿಯೂ ಮಲಗಿತು.

ಆಗ ಅಜ್ಜನ ಬೆನ್ನ ಹಿಂದೆ ಏನೋ ಸರಿದಾಡಿತು. ಅಲ್ಲಿ ಬಿಸಿ ಗಾಳಿ ಬರುತ್ತದೆ. ಒಂದು ಪುಟ್ಟ ಮೂತಿ ಕಾಣಿಸಿತು. ಇಲಿ! ಇಲಿಗೂ ಚಳಿ ಅಲ್ಲವೇ?

ಚುಕ್ಕಿ ಒಂದು ಕಣ್ಣು ತೆರೆಯಿತು. ಇಲಿ ನಿಂತಲ್ಲೇ ನಿಂತಿತು.

ಬಾಲ ಅಲುಗಿತೇ? ಅಲುಗಲಿಲ್ಲ. ಮೀಸೆ ಅಲುಗಿತೇ? ಅಲುಗಲಿಲ್ಲ. ಕಿವಿ ಅಲುಗಿತೇ? ಅಲುಗಲಿಲ್ಲ.

ಚುಕ್ಕಿ ಕಣ್ಣು ಮುಚ್ಚಿತು. ಇಲಿ ಬಿಸಿ ಗಾಳಿಗೆ ಬೆನ್ನು ಕೊಟ್ಟು ಕೂತಿತು. ಅಜ್ಜ ಗುಂಯ್ ಅಂದ.

ಇನ್ನು ನೀವು ಕಾಲು ಬಿಚ್ಚಬಹುದು. ಮೆಲ್ಲಗೆ. ಮರಿ ಮಲಗಿವೆ.